ಮರಿಯಿದ್ದ ದಿಕ್ಕು

ಕತಾರಿನ ಅಲ್ ವಕ್ರಾದಲ್ಲಿರುವ ನಮ್ಮ ಫ್ಲ್ಯಾಟಿನಿಂದ ದಕ್ಷಿಣಕ್ಕೆ ಹೋಗಿ ಡಾಂಬರು ಬಿಟ್ಟು ಒಳಗಿಳಿದರೆ ದಾರಿ ಎಂಬುದೇ ಇಲ್ಲ. ಮರಳಿನ ದಿಬ್ಬ, ಅದರ ಮೈಮೇಲೆ ಅಲ್ಲಲ್ಲಿ ಹುಲ್ಲಿನ ಪೊದೆ, ಆಚೆಗೆ ಅಂಥದೇ ಇನ್ನೊಂದು ದಿಬ್ಬ. ಒಂಟೆ ಸಾಕುವ ಫಾರ್ಮುಗಳು ಇವುಗಳ ಸಂದಿಯಲ್ಲಿ ಅಡಗಿರುತ್ತವೆ. ಅಂಥದೊಂದು ಫಾರ್ಮಿನ ನೀರಿನ ಪಂಪು ನೋಡಲು ಶುಕ್ರವಾರ ನನ್ನ ಗಂಡನನ್ನು ಕರೆದಿದ್ದರು. ರಜೆಯಲ್ಲವೇ ಎಂದು ನಾನೂ ಮಗಳೂ ಹೊರಟೆವು.

"ಹುಲ್ಲಿನ ಮೇಲೆಯೇ ಹೋಗುವ. ನಮ್ಮ ಊರಿನ ಕಡಲ ಬದಿಯಲ್ಲಿ ಹುಲ್ಲಿದ್ದಲ್ಲಿ ಹೊಯ್ಗೆ ಗಟ್ಟಿ ಇರ್ತದಲ್ಲ," ಎಂದರು ಇವರು.

ಇಲ್ಲಿಯ ಹುಲ್ಲಾದರೋ ಗಾಳಿ ತಂದ ಮರಳನ್ನು ಬುಡದಲ್ಲಿ ಸಡಿಲವಾಗಿ ಗುಡ್ಡೆ ಹಾಕಿಕೊಂಡಿರುತ್ತದೆ. ಕಾರು ಹೊಟ್ಟೆಯವರೆಗೆ ಹೂತುಹೋಯಿತು. ಮೊಬೈಲಿಗೆ ಸಿಗ್ನಲ್ ಇಲ್ಲ.

"ಫಾರ್ಮು ಆ ದಿಬ್ಬದ ಆಚೆಯೇ. ಜನ ಕರ್ಕೊಂಡು ಬರ್ತೇನೆ. ನೀವು ಇಳೀಬೇಡಿ, ಆಯ್ತಾ?" ಎಂದು ನಡೆದುಬಿಟ್ಟರು.

ಸ್ವಲ್ಪದರಲ್ಲೇ ಗಾಳಿ ಎದ್ದಿತು. ಅವರ ಹೆಜ್ಜೆಗುರುತು ನನ್ನ ಕಣ್ಣೆದುರೇ ಮುಚ್ಚಿಹೋಯಿತು.

"ಪಪ್ಪ ಯಾವಾಗ ಬರೋದು?"

"ಈಗ ಬರ್ತಾರೆ. ನೀರು ಕುಡಿ."

ನೀರಿತ್ತು, ದೇವರ ದಯೆ. ಮಗು ಅಳುತ್ತಿರಲಿಲ್ಲ, ಅದೂ ದಯೆಯೇ. ದುರ್ಗಮ್ಮನ ಹೆಸರು ಹೇಳುತ್ತ ಕೂತೆ. ಬಿಸಿಲು ಇಳಿಯುತ್ತ ಬಂತು, ಇವರು ಬರಲಿಲ್ಲ.

ಆಗ ಒಂಟೆಗಳ ಸಾಲೊಂದು ಕಾರಿನ ಹಿಂದಿನಿಂದ ಹಾದುಹೋಯಿತು. ಮುಂದಿನದರ ಕೆಚ್ಚಲು ಬಿಗಿದಿತ್ತು. ಹುಲ್ಲಿಗೆ ಬಾಯಿ ಹಾಕದೆ, ಕೂಗುತ್ತ ನಡೆಯುತ್ತಿತ್ತು. ದನವಿದ್ದ ಮನೆಯಲ್ಲಿ ಬೆಳೆದವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅದು ಮರಿಯ ಹತ್ತಿರ ಹೋಗುತ್ತಿತ್ತು. ಮರಿ ಇದ್ದಲ್ಲೇ ಫಾರ್ಮು. ಇವರು ಹೋದದ್ದು ಸರಿಯಾಗಿ ಅದರ ಎದುರು ದಿಕ್ಕಿಗೆ.

ಒಂಟೆಗಳ ಹಿಂದೆ ಹೋದರೆ ಜನ ಸಿಕ್ಕಾರು, ಆದರೆ ಇವರು ತಿರುಗಿ ಬಂದರೆ ಕಾರು ಖಾಲಿ. ಹಾರ್ನಿನ ಮೇಲೆ ಕೈಯೊತ್ತಿದೆ.

"ಅಮ್ಮಾ, ಬ್ಯಾಟರಿ ಹೋಗ್ತದೆ!"

"ಹೋಗ್ಲಿ ಮಗಾ."

ನಿಲ್ಲಿಸಿ ಕಿವಿಗೊಟ್ಟೆ. ಬರೀ ಗಾಳಿ. ಮತ್ತೆ ಒತ್ತಿದೆ. ಕೊನೆಗೆ, ನಾನು ನೋಡುತ್ತಿದ್ದ ದಿಬ್ಬದಲ್ಲಲ್ಲ, ಪಕ್ಕದ ದಿಬ್ಬದ ನೆತ್ತಿಯಲ್ಲಿ ಒಂದು ತಲೆ ಕಂಡಿತು.

"ಎಂತ ಮಾರಾಯ್ತಿ, ಇಡೀ ಕತಾರಿಗೆ ಕೇಳ್ಬೇಕಾ?" ಇಳಿದು ಬಂದ ಇವರ ಮುಖವೆಲ್ಲ ಮರಳು.

"ನಿಮಗೆ ಕೇಳಿದ್ರೆ ಸಾಕಿತ್ತು."

"ಎಲ್ಲಿ ನೋಡಿದ್ರೂ ಒಂದೇ ನಮೂನೆ. ಹಾರ್ನ್ ಕೇಳದಿದ್ರೆ..."

ಮುಗಿಸಲು ಬಿಡದೆ ಬಾಟಲಿ ಕೊಟ್ಟೆ. ಒಂದೇ ಗುಟುಕಿಗೆ ಅರ್ಧ ಖಾಲಿ ಮಾಡಿದರು. ದೂರದಲ್ಲಿ ಕೊನೆಯ ಒಂಟೆಯ ಬೆನ್ನು ಇನ್ನೂ ಕಾಣುತ್ತಿತ್ತು. ಅದು ಮರೆಯಾಗುವ ಮುಂಚೆ ಮೂವರೂ ಹೊರಟೆವು. ಮಗಳ ಎದುರಿಗೆ ನಾನು ಎಂದೂ ಇವರ ಕೈ ಹಿಡಿದವಳಲ್ಲ. ಅಂದು ಫಾರ್ಮಿನ ಜನರೇಟರಿನ ಸದ್ದು ಕೇಳುವವರೆಗೂ ಬಿಡಲಿಲ್ಲ.