ಅತ್ತೆಯ ಹೆಲಿಕಾಪ್ಟರ್, ನಮ್ಮ ಏಕಾದಶಿ

ಮದರಾಸಿನ ಮೈಲಾಪೂರಿನಲ್ಲಿ ಕಂಬಗಳ ಮೇಲೆ ಓಡುವ ರೈಲು ಹೊಸದಾಗಿ ಬಂದಿದ್ದ ಕಾಲ. ಊರವರು ಅದಕ್ಕೆ ಪರಕ್ಕುಂ ರೈಲು, ಅಂದರೆ ಹಾರುವ ರೈಲು ಎಂದು ಹೆಸರಿಟ್ಟರೇ ಹೊರತು ಹತ್ತುವವರು ಕಡಿಮೆ. ಖಾಲಿ ಹೊಡೆಯುತ್ತಿದ್ದ ಆ ನಿಲ್ದಾಣ ನಮ್ಮ ಅತ್ತೆಗೆ ಮಾತ್ರ ಬಹಳ ಉಪಯೋಗಕ್ಕೆ ಬಂತು. ಬೆಳಗಿನ ಕಾಫಿ ಮುಗಿಸಿ, ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಬೆನ್ನಿಗೆ ಅಕ್ಕಿ ತುಂಬಿದ ಚೀಲ ಏರಿಸಿಕೊಂಡು ಅದರ ಮೆಟ್ಟಿಲುಗಳನ್ನು ಹತ್ತಿ ಇಳಿದು, ಇಳಿದು ಹತ್ತುತ್ತಿದ್ದಳು. ಕೆಳಗೆ ಹೂ ಕಟ್ಟುತ್ತಿದ್ದ ಹೆಂಗಸು ಒಂದು ದಿನ ನನ್ನನ್ನು ನಿಲ್ಲಿಸಿ, “ಉಂಗ ಅತ್ತೈ ರೈಲ್ಲ ಏರವೇ ಮಾಟ್ಟಾಂಗಳಾ?” ಎಂದು ತಮಿಳಿನಲ್ಲಿ ಕೇಳಿದಳು. ರೈಲು ಹತ್ತುವುದಿಲ್ಲ, ಹೆಲಿಕಾಪ್ಟರ್ ಹತ್ತುತ್ತಾಳೆ ಎಂದೆ. ಅವಳು ನನ್ನ ಮುಖವನ್ನೊಮ್ಮೆ ನೋಡಿ ಮತ್ತೆ ಹೂವಿಗೆ ಕೈ ಹಾಕಿದಳು.

ಅತ್ತೆ ಎಂದರೆ ಅಪ್ಪನ ಅಕ್ಕ. ಮದುವೆಯಾಗಲಿಲ್ಲ, ನಮ್ಮ ಜೊತೆಗೇ ಇದ್ದಳು. ಅಡ್ಯಾರಿನ ಒಂದು ಶಾಲೆಯಲ್ಲಿ ಭೂಗೋಳ ಪಾಠ ಮಾಡುತ್ತಿದ್ದಳು. ಆ ಶಾಲೆಯವರು ಚಳಿಗಾಲದಲ್ಲಿ ಮಕ್ಕಳನ್ನು ಹಿಮಾಚಲದ ಎತ್ತರದ ಊರೊಂದಕ್ಕೆ ಕರೆದೊಯ್ಯುತ್ತಿದ್ದರು. ಕಾವಲಿಗೆಂದು ಹೋದ ಅತ್ತೆ ಮಕ್ಕಳಿಗಿಂತ ಮೊದಲು ಕಾಲಿಗೆ ಸ್ಕೀ ಕಟ್ಟಿಕೊಂಡು ಜಾರುವುದನ್ನು ಕಲಿತಳು. ವರ್ಷ ವರ್ಷವೂ ಹೋದಳು, ವರ್ಷ ವರ್ಷವೂ ಕಲಿತಳು. ಮದರಾಸಿನಲ್ಲಿ ಒಂಬತ್ತು ಗಜದ ಮಡಿಸೀರೆಯಲ್ಲಿ ದೇವರ ಮನೆ ಒರೆಸುವ ಅತ್ತೆ ಅಲ್ಲಿ ಪ್ಯಾಂಟು ಹಾಕುತ್ತಾಳೆ ಎಂಬ ಸಂಗತಿ ಅಪ್ಪನನ್ನು ಬಿಟ್ಟು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಆ ಊರಿನ ಹಿಂದೆ ದಾರಿಯೇ ಇಲ್ಲದ ಒಂದು ಬೆಟ್ಟದ ನೆತ್ತಿ ಇದೆಯಂತೆ. ಸ್ಕೀಯಲ್ಲಿ ಪಳಗಿದವರನ್ನು ಹೆಲಿಕಾಪ್ಟರ್ ಅಲ್ಲಿಗೆ ಒಯ್ದು ಬಿಟ್ಟು ಬರುತ್ತದಂತೆ. ಆಮೇಲೆ ಅವರು ಯಾರೂ ತುಳಿಯದ ಹಿಮದ ಮೇಲೆ ಜಾರಿಕೊಂಡು ತಾವೇ ಕೆಳಗೆ ಬರಬೇಕು. ಅತ್ತೆ ವರ್ಷಗಟ್ಟಲೆ ಕೆಳಗೆ ನಿಂತು ಅದನ್ನು ನೋಡಿದ್ದಳು. “ಹಿಮನದಿ ಹೆಂಗೆ ಹುಟ್ಟತ್ತೆ ಅಂತ ಬೋರ್ಡ್ ಮೇಲೆ ಬರೆದೂ ಬರೆದೂ ಕೈ ನೋವು ಬಂತು. ಹುಟ್ಟೋ ಜಾಗದಲ್ಲಿ ಒಂದು ಸಲ ನಿಲ್ಲಬೇಕು ಕಣೇ,” ಎನ್ನುತ್ತಿದ್ದಳು. ಐವತ್ತು ತುಂಬಿದ ವರ್ಷ, ಇನ್ನು ತಡ ಮಾಡಿದರೆ ಮೊಣಕಾಲು ಕೇಳುವುದಿಲ್ಲ ಎಂದು ರಜೆ ಹಾಕಿದಳು. ಡಿಗ್ರಿ ಮುಗಿಸಿ ಮನೆಯಲ್ಲಿ ನೊಣ ಹೊಡೆಯುತ್ತಿದ್ದ ನಾನು ಜೊತೆಗೆ ಹೊರಟೆ.

ಅಪ್ಪನಿಗೆ ಇದು ಸುತರಾಂ ಇಷ್ಟವಿರಲಿಲ್ಲ. ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ. ಯಾವುದನ್ನು ಕಂಡರೂ ಅದು ಬೀಳುವ ರೀತಿಯೇ ಅವರಿಗೆ ಮೊದಲು ಹೊಳೆಯುತ್ತಿತ್ತು.

“ಹತ್ತೋಕೆ ಹೆಲಿಕಾಪ್ಟರ್ ಇದೆ ಅಂದ್ಮೇಲೆ ಅದರಲ್ಲೇ ಇಳೀಬಹುದಲ್ಲ ಅಕ್ಕ?” ಎಂದರು.

“ಇಳಿಯೋದಕ್ಕೇ ಕಣೋ ಹತ್ತೋದು.”

“ಬಿದ್ದು ಸೊಂಟ ಮುರಕೊಂಡ್ರೆ?”

“ಮುರಿಯೋದು ನನ್ನ ಸೊಂಟ ತಾನೇ?”

ಅಪ್ಪ ಮಾತು ಬಿಟ್ಟರು. ಆದರೆ ಟಿಕೆಟ್ ತೆಗೆಸುವ ಮುಂಚೆ ಪಂಚಾಂಗ ನೋಡಿ, ಹೆಲಿಕಾಪ್ಟರಿನ ದಿನಗಳ ನಡುವೆ ಏಕಾದಶಿ ಬರದ ಹಾಗೆ ದಿನ ಆರಿಸಿಕೊಟ್ಟವರೂ ಅವರೇ. ನಮ್ಮದು ಮಾಧ್ವರ ಮನೆ. ಏಕಾದಶಿಯೆಂದರೆ ಅಪ್ಪನಿಗೂ ಅತ್ತೆಗೂ ತೊಟ್ಟು ನೀರೂ ಇಲ್ಲದ ಉಪವಾಸ. ಟೈಫಾಯ್ಡ್ ಬಂದು ಮಲಗಿದ್ದಾಗಲೂ ಅತ್ತೆ ಅದನ್ನು ಬಿಟ್ಟವಳಲ್ಲ. ನಾವು ಸೆಂಟ್ರಲ್ ಸ್ಟೇಷನ್ನಿಗೆ ಹೊರಟಾಗ ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ.

ನನಗೆ ಎಲ್ಲದರಲ್ಲೂ ಮೂಗು ತೂರಿಸುವ ಚಾಳಿ. ಹಿಮ ಮೊದಲ ಸಲ ಕಂಡಾಗ ಕೈಯಲ್ಲಿ ತೆಗೆದುಕೊಂಡೆ, ಮೂಸಿದೆ, ಯಾರೂ ನೋಡದಾಗ ತಿಂದೂ ನೋಡಿದೆ. ಏನೂ ರುಚಿಯಿಲ್ಲ. ನಮ್ಮ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಕಲ್ಲಾಗಿತ್ತು. ಮದರಾಸಿನಲ್ಲಿ ಹುಟ್ಟಿ ಬೆಳೆದ ನನಗೆ ಅದೇ ದೊಡ್ಡ ಅಚ್ಚರಿ. ಗೈಡ್ ಆ ಊರಿನವನೇ, ಅತ್ತೆಗೆ ಹಳೆಯ ಪರಿಚಯ. ಅವನನ್ನು ನಾನು ಪ್ರಶ್ನೆ ಕೇಳಿ ಕೇಳಿ ಸುಸ್ತು ಮಾಡಿದೆ. ಹೆಲಿಕಾಪ್ಟರಿಗೆ ಅಲ್ಲಿ ಸಮತಟ್ಟು ಜಾಗ ಬೇಡವೇ? ಹೆಚ್ಚು ಬೇಕಿಲ್ಲ, ನೆಟ್ಟಿಟ್ಟ ಬಾವುಟ ನೋಡಿಕೊಂಡು ಅಂಚಿನ ಮೇಲೆ ಕೂರುತ್ತದೆ. ಎದೆಗೆ ಕಟ್ಟಿಕೊಳ್ಳುವ ಈ ಪೆಟ್ಟಿಗೆ ಏಕೆ ಬೀಪ್ ಅನ್ನುತ್ತದೆ? ಹಿಮ ಕುಸಿದು ಯಾರಾದರೂ ಒಳಗೆ ಹೂತುಹೋದರೆ ಉಳಿದವರು ಆ ಸದ್ದು ಹಿಡಿದು ಅಗೆಯುತ್ತಾರೆ. ಅಷ್ಟು ಕೇಳಿದ ಮೇಲೆ ಆ ದಿನ ನಾನು ಬೇರೆ ಪ್ರಶ್ನೆ ಕೇಳಲಿಲ್ಲ.

ನಾವು ಹೋದದ್ದೇ ತಡ, ಹಿಮ ಬೀಳಲು ಶುರುವಾಯಿತು. ಹೆಲಿಕಾಪ್ಟರ್ ಮೇಲೇಳಲೇ ಇಲ್ಲ. ದಿನವೂ ಬೆಳಗ್ಗೆ ಅತ್ತೆ ಬೂಟು ಕಟ್ಟುವುದು, ಗೈಡ್ ಮೋಡ ನೋಡಿ ತಲೆಯಾಡಿಸುವುದು, ಅವಳು ಬೂಟು ಬಿಚ್ಚುವುದು. ನಾವು ಇಟ್ಟುಕೊಂಡಿದ್ದ ದಿನಗಳು ಹೀಗೇ ಮುಗಿದವು. ಅತ್ತೆ ಟಿಕೆಟ್ ಮುಂದೆ ಹಾಕಿಸಿದಳು. ರಜೆಯಲ್ಲಿ ಅದಕ್ಕಿಂತ ಹೆಚ್ಚು ಎಳೆಯಲು ಜಾಗವಿರಲಿಲ್ಲ. ಹೊರಡುವ ಹಿಂದಿನ ದಿನ ಬೆಳಗ್ಗೆ ಕಿಟಕಿ ತೆಗೆದರೆ, ಆಕಾಶ ತೊಳೆದಿಟ್ಟ ಹಾಗಿತ್ತು.

ಕೆಳಗೆ ಊಟದ ಕೋಣೆಗೆ ಬಂದಾಗ ಹೋಟೆಲಿನ ಯಜಮಾನನ ತಾಯಿ ಬಿಸಿಲಿನಲ್ಲಿ ಕೂತಿದ್ದಳು. ತಿಂಡಿ ಆಯಿತೇ ಎಂದು ಅತ್ತೆ ಹಿಂದಿಯಲ್ಲಿ ಕೇಳಿದಳು. ಇವತ್ತು ಏಕಾದಶಿಯಲ್ಲವೇ, ಉಪವಾಸ ಎಂದಳು ಅವಳು. ಅತ್ತೆಯ ಮುಖ ಸಣ್ಣಗಾಯಿತು.

ಅದೇ ಹೊತ್ತಿಗೆ ಗೈಡ್ ಬಂದ. ಖಾಲಿ ಹೊಟ್ಟೆಯವರನ್ನು ಅವನು ಮೇಲಕ್ಕೆ ಒಯ್ಯುತ್ತಿರಲಿಲ್ಲ. ಹಿಂದೊಮ್ಮೆ ತಿನ್ನದೆ ಬಂದ ಒಬ್ಬ ನಡು ಇಳಿಜಾರಿನಲ್ಲಿ ತಲೆಸುತ್ತಿ ಕೂತುಬಿಟ್ಟಿದ್ದನಂತೆ. ಅಂದಿನಿಂದ ಎಲ್ಲರೂ ತಿಂದು, ನೀರು ಕುಡಿಯುವುದನ್ನು ಅವನು ಎದುರಿಗೆ ಕೂತೇ ನೋಡುತ್ತಿದ್ದ. “ನಾಳೆಯಿಂದ ಮತ್ತೆ ಮೋಡ, ಮೇಡಂ,” ಎಂದು ಅತ್ತೆಯ ಮುಂದೆ ಪರೋಟದ ತಟ್ಟೆ ಇಟ್ಟ.

ಅತ್ತೆ ತಟ್ಟೆ ಮುಟ್ಟಲಿಲ್ಲ. “ಒಂದು ಸಲ ಬಿಟ್ಟರೆ ಏನಾಗತ್ತೆ ಅತ್ತೆ, ದೇವರೇನು ಹಾಜರಿ ತಗೋತಾನಾ?” ಎಂದೆ.

“ಬಿಡೋ ಹಾಗಿದ್ರೆ ಟೈಫಾಯ್ಡಲ್ಲೇ ಬಿಡ್ತಿದ್ದೆ. ಸುಮ್ಮನಿರು,” ಎಂದಳು. ಆಮೇಲೆ ತಟಕ್ಕನೆ ಎದ್ದಳು. “ಇವರ ಏಕಾದಶಿ ಇವತ್ತು. ನಮ್ಮದೂ ಇವತ್ತೇ ಅಂತ ಏನು? ಬೆಳಗಿನ ಜಾವಕ್ಕೆ ದಶಮಿ ಒಂದು ಚೂರು ತಗುಲಿದ್ದರೂ ನಮಗೆ ಉಪವಾಸ ನಾಳೆಗೆ ಹೋಗತ್ತೆ. ಪಂಚಾಂಗ ನೋಡದೆ ಹೆಂಗೆ ಹೇಳೋದು?”

ಏಕಾದಶಿಯೇ ಇಲ್ಲದ ದಿನಗಳಿಗೆಂದು ಹೊರಟವರು, ಪಂಚಾಂಗ ತಂದಿರಲಿಲ್ಲ. ಅದು ಇದ್ದದ್ದು ಮೈಲಾಪೂರಿನಲ್ಲಿ, ಮಾತು ಬಿಟ್ಟ ಅಪ್ಪನ ಮೇಜಿನ ಮೇಲೆ.

ಪಕ್ಕದ ಎಸ್‌ಟಿಡಿ ಬೂತಿಗೆ ಓಡಿದೆವು. ಹಿಮದಲ್ಲಿ ನಾನು ಎರಡು ಸಲ ಜಾರಿ ಬಿದ್ದೆ. ಅತ್ತೆ ತಿರುಗಿಯೂ ನೋಡಲಿಲ್ಲ. ಅಪ್ಪ ಆಗಿನ್ನೂ ಆಫೀಸಿಗೆ ಹೊರಟಿರಲಿಲ್ಲ. ನಾನು ರಿಸೀವರಿಗೆ ಕಿವಿ ಆನಿಸಿ ನಿಂತೆ.

“ಏನೋ, ಇವತ್ತು ಬೆಳಗಿನ ಜಾವಕ್ಕೆ ದಶಮಿ ತಗುಲಿದೆಯಾ ನೋಡು.”

“ಯಾಕೆ?” ಎಂದರು ಅಪ್ಪ.

“ಇವತ್ತು ಹೆಲಿಕಾಪ್ಟರ್ ಹೋಗತ್ತೆ. ತಿನ್ನದೆ ಇರೋರನ್ನ ಹತ್ತಿಸಲ್ವಂತೆ. ನಾಳೆ ಹೋಗಲ್ಲ.”

ಆ ಕಡೆ ಕುರ್ಚಿ ಸರಿದ ಸದ್ದು, ಹಾಳೆ ತಿರುವಿದ ಸದ್ದು. ಹಿಂದೆ ಎಲ್ಲೋ ತರಕಾರಿಯವನು ಕೂಗುತ್ತಿದ್ದ. ಬೆಟ್ಟದ ಮೇಲೆ ನಿಂತು ನಮ್ಮ ಬೀದಿಯ ಕೂಗು ಕೇಳಿ ನನಗೆ ಅಳುವೇ ಬಂತು. ಅತ್ತೆ ಕಣ್ಣು ಮುಚ್ಚಿಕೊಂಡಿದ್ದಳು.

“ತಗುಲಿದೆ ಅಕ್ಕ,” ಎಂದರು ಅಪ್ಪ. “ನಮಗೆ ನಾಳೆ. ಹೋಗಿ ತಿನ್ನು.” ಫೋನ್ ಇಟ್ಟುಬಿಟ್ಟರು.

ಅತ್ತೆ ಬಂದು ಪರೋಟ ತಿಂದಳು, ಇನ್ನೊಂದು ಹಾಕಿಸಿಕೊಂಡಳು, ಎರಡು ಲೋಟ ನೀರು ಕುಡಿದಳು. ಗೈಡ್ ತೃಪ್ತಿಯಾಗಿ ಎದ್ದ. ಹೆಲಿಕಾಪ್ಟರಿನ ಗಾಳಿಗೆ ನೆಲದ ಹಿಮವೆಲ್ಲ ಎದ್ದು ನನ್ನ ಬಾಯಿಗೆ ಬಂತು. ಕಣ್ಣು ಒರೆಸಿಕೊಂಡು ನೋಡುವಷ್ಟರಲ್ಲಿ ಅದು ನೆತ್ತಿಯ ಹತ್ತಿರ ಚಿಕ್ಕದಾಗಿತ್ತು.

ಗೈಡ್ ಕೊಟ್ಟುಹೋದ ದುರ್ಬೀನು ಹಿಡಿದು ನಾನು ಕೆಳಗೆ ಕಾದೆ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಬಿಳಿಯ ಮೇಲೆ ಒಂದು ಚುಕ್ಕೆ, ಅದರ ಹಿಂದೆ ಇನ್ನೊಂದು. ಹಿಂದಿನದು ಕೆಂಪು ಟೋಪಿ, ಅತ್ತೆ. ಎಡಕ್ಕೆ ಬಾಗುತ್ತಿದ್ದಳು, ಬಲಕ್ಕೆ ಬಾಗುತ್ತಿದ್ದಳು, ಮೊಣಕಾಲಿನವರೆಗೆ ಮುಚ್ಚುವ ಪುಡಿ ಹಿಮ ಅವಳ ಹಿಂದೆ ಅಕ್ಕಿಹಿಟ್ಟಿನ ಹಾಗೆ ಏಳುತ್ತಿತ್ತು. ಒಂದು ಕಡೆ ನಿಂತುಬಿಟ್ಟಳು. ಬಿದ್ದಳೋ ಏನೋ ಎಂದು ದುರ್ಬೀನನ್ನು ಕಣ್ಣಿಗೆ ಒತ್ತಿಕೊಂಡೆ. ಬಿದ್ದಿರಲಿಲ್ಲ, ತಿರುಗಿ ಮೇಲೆ ನೋಡುತ್ತಿದ್ದಳು. ಕೆಳಗೆ ಬಂದಾಗ ಅವಳ ರೆಪ್ಪೆಯ ಮೇಲೆ ಹಿಮ ಕಟ್ಟಿತ್ತು. ನನ್ನ ಭುಜ ಹಿಡಿದುಕೊಂಡು ನಿಂತು ನಕ್ಕಳು. ಅತ್ತೆ ಅಷ್ಟು ಖುಷಿಯಾಗಿದ್ದದ್ದನ್ನು ನಾನು ಮತ್ತೆಂದೂ ಕಾಣಲಿಲ್ಲ.

ಮರುದಿನ ಬಸ್ಸಿನಲ್ಲಿ, ರೈಲಿನಲ್ಲಿ ಅವಳು ಹನಿ ನೀರು ಮುಟ್ಟಲಿಲ್ಲ. ನಮ್ಮ ಏಕಾದಶಿ ಅಂದೇ ತಾನೇ.

ಮೈಲಾಪೂರಿಗೆ ಬಂದು ಸ್ನಾನ ಮುಗಿಸಿ ನಾನು ಅಡುಗೆಮನೆಗೆ ಹೋದೆ. ಅಮ್ಮ ಹುಳಿಗೆ ಒಗ್ಗರಣೆ ಹಾಕುತ್ತಿದ್ದಳು. ಅಪ್ಪ ಯಾಕೆ ಇಷ್ಟು ಸೊರಗಿದ್ದಾರೆ ಎಂದು ಕೇಳಿದೆ.

“ಎರಡು ದಿನ ಉಪವಾಸ ಇದ್ದರೆ ಇನ್ನೇನಾಗತ್ತೆ?” ಎಂದಳು. “ನೀವು ಫೋನ್ ಮಾಡಿದ ದಿನ ಏಕಾದಶಿ, ಸರಿ. ಮರುದಿನ ಒಂದು ಉದ್ಧರಣೆ ತೀರ್ಥದಲ್ಲಿ ಪಾರಣೆ ಮುಗಿಸಿ, ಊಟಕ್ಕೆ ಏಳದೆ ಮತ್ತೆ ಉಪವಾಸ ಕೂತುಬಿಟ್ಟರು. ಅನ್ನ ಆರಿ ಹೋಗ್ತಿದೆ, ಇದೇನು ಅಂದೆ. ನಿನ್ನೇದು ನಂದು, ಇವತ್ತಿಂದು ಅಕ್ಕಂದು ಅಂದರು.”

ನಾನು ಒಗ್ಗರಣೆ ಸೌಟನ್ನೇ ನೋಡುತ್ತಾ ನಿಂತೆ. “ಅಂದ್ರೆ ಆ ದಿನ ದಶಮಿ ತಗುಲಿರಲಿಲ್ವಾ?”

“ಎಲ್ಲಿ ತಗುಲತ್ತೆ? ಅದನ್ನ ಅತ್ತೆ ಮುಂದೆ ಹೋಗಿ ಒದರಬೇಡ,” ಎಂದು ಅಮ್ಮ ನನ್ನ ಕೈ ಹಿಡಿದಳು. ಹಿಡಿಯದಿದ್ದರೆ ನಾನು ಹೇಳಿಯೇಬಿಡುತ್ತಿದ್ದೆ.

ಲೋಟದಲ್ಲಿ ಕಾಫಿ ಹಿಡಿದು ಹೊರಗೆ ಬಂದೆ. ಅಪ್ಪ ಕುರ್ಚಿ ಎಳೆದುಕೊಂಡು ಅತ್ತೆಯ ಎದುರಿಗೇ ಕೂತಿದ್ದರು. ನೆತ್ತಿಯಿಂದ ಏನು ಕಾಣುತ್ತದೆ, ಗಾಳಿ ಯಾವ ಕಡೆಯಿಂದ, ಅಷ್ಟು ಇಳಿಜಾರಿನಲ್ಲಿ ನಿಲ್ಲಬೇಕೆಂದರೆ ನಿಲ್ಲುವುದು ಹೇಗೆ ಎಂದು ಒಂದರ ಮೇಲೊಂದು ಕೇಳುತ್ತಿದ್ದರು. ನನ್ನ ಚಾಳಿ ಯಾರಿಂದ ಬಂದದ್ದು ಎಂದು ಅಂದು ತಿಳಿಯಿತು. ಅತ್ತೆ ಎರಡು ಅಂಗೈಗಳನ್ನು ಓರೆ ಮಾಡಿ ತೋರಿಸುತ್ತಿದ್ದಳು. ನಡುವೆ ಅಪ್ಪ ತಡೆದರು.

“ಹೋಗೋ ಮುಂಚೆ ಹೊಟ್ಟೆ ತುಂಬ ತಿಂದೆ ತಾನೇ ಅಕ್ಕ?”

“ಎರಡು ಪರೋಟ ತಿಂದೆ.”

“ಸರಿ,” ಎಂದರು ಅಪ್ಪ. “ಮುಂದೆ ಹೇಳು.”