ಹೊಲಿಯದೆ ಬಿಟ್ಟ ಹನ್ನೆರಡು ಕಿಲೋಮೀಟರ್

ಅಂಗಡಿಯಲ್ಲಿ ಎಲ್ಲರೂ ಅವನನ್ನು ಉಪಗ್ರಹ ಎಂದೇ ಕರೆಯುತ್ತಿದ್ದರು. ಆ ಹೆಸರು ಇಟ್ಟವಳು ಅವನ ಸ್ವಂತ ಅಕ್ಕ. ಗಿರಾಕಿ ಹೊಸ್ತಿಲು ದಾಟಿದ ಕೂಡಲೇ ಸುತ್ತಲು ಶುರುಮಾಡುತ್ತಾನೆ, ಮೇಲಿನಿಂದಲೇ ಎಲ್ಲ ದಾರಿ ಹೇಳುತ್ತಾನೆ, ನೆಲಕ್ಕೆ ಮಾತ್ರ ಇಳಿಯುವುದಿಲ್ಲ ಎಂಬುದು ಅವಳ ವಿವರಣೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಬೆಟ್ಟ ಹತ್ತುವವರ ಸಾಮಾನು ಮಾರುವ ಆ ಅಂಗಡಿಯಲ್ಲಿ ಐದು ವರ್ಷದಿಂದ ಜಿಪಿಎಸ್ ಕೌಂಟರಿನ ಹಿಂದೆ ನಿಂತಿದ್ದ ಅವನು, ತನ್ನ ಜನ್ಮದಲ್ಲಿ ಹತ್ತಿದ ಅತಿ ಎತ್ತರದ ಜಾಗವೆಂದರೆ ಅವರ ಮನೆಯಿದ್ದ ಮೂರನೇ ಮಹಡಿ. ಅದನ್ನೂ ಎರಡನೆಯದರಲ್ಲಿ ನಿಂತು, ಗೋಡೆಗೆ ಕೈಯೂರಿ, ಯಾರಾದರೂ ನೋಡಿದರೆ ಚಪ್ಪಲಿಯಲ್ಲಿ ಕಲ್ಲು ಸಿಕ್ಕಿದವನಂತೆ ನಟಿಸಿ ಹತ್ತುತ್ತಿದ್ದ. ಆದರೂ ಕೌಂಟರಿನಲ್ಲಿ, "ನಾವು ಮೇಲೆ ಹೋದಾಗ ಏನಾಗುತ್ತೆ ಅಂದ್ರೆ ಸಾರ್..." ಎಂದು ಮಾತು ಶುರುಮಾಡಲು ಅವನಿಗೆ ನಾಚಿಕೆಯಾಗುತ್ತಿರಲಿಲ್ಲ.

ಅಕ್ಕ ಅದೇ ಅಂಗಡಿಯ ಹಿಂದಿನ ಕೋಣೆಯಲ್ಲಿ, ಪರದೆಯ ಆಚೆ, ಹೊಲಿಗೆ ಮಿಷನ್ನಿನ ಮುಂದೆ ಕೂರುತ್ತಿದ್ದಳು. ಅಪ್ಪ ಅಮ್ಮ ಒಂದೇ ವರ್ಷದಲ್ಲಿ ಹೋದಾಗ ಅವನಿಗೆ ಆರು, ಅವಳಿಗೆ ಹತ್ತೊಂಬತ್ತು. ಆ ವರ್ಷ ಆ ಸ್ಟೂಲಿನ ಮೇಲೆ ಕೂತವಳು ಇನ್ನೂ ಹತ್ತೊಂಬತ್ತು ವರ್ಷ ಅಲ್ಲೇ ಕೂತಳು. ಹರಿದ ಡೇರೆ, ಕಿತ್ತುಬಂದ ಪಟ್ಟಿ, ಹಲ್ಲು ಬಿಟ್ಟ ಜಿಪ್ಪು, ಇವೇ ಅವಳ ಪ್ರಪಂಚ. ಚೀಲ ತಂದವರನ್ನು ಅವಳು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಎಲ್ಲಿ ಹರೀತು?" ಅವರು ಹೇಳುತ್ತಿದ್ದರು. ಬೆಟ್ಟಸಾಲಿನ ಬೆನ್ನ ಮೇಲೆ ಹೋಗುವ ಒಂದು ಉದ್ದದ ದಾರಿಯಿತ್ತು. ಅದರ ಮೂರನೇ ದಿನದ ಬಂಡೆ ಚೀಲದ ತಳ ತಿನ್ನುತ್ತದೆ, ಐದನೇ ದಿನದ ಪೊದೆ ಪಟ್ಟಿ ಹಿಡಿದೆಳೆಯುತ್ತದೆ, ಅದಾದ ಮೇಲೆ ಕಣಿವೆಗಿಳಿದು ಡಾಂಬರು ರಸ್ತೆಯಲ್ಲಿ ನಡೆದು ಆಚೆಯ ಬೆಟ್ಟ ಹಿಡಿಯಬೇಕು, ಕೊನೆಗೆ ಒಂದು ಕೆರೆ ಸಿಗುತ್ತದೆ. ಹೀಗೆ ಬೇರೆಯವರ ಹರುಕಿನಿಂದಲೇ ಅವಳಿಗೆ ಇಡೀ ದಾರಿ ಬಾಯಿಪಾಠ. ಚೀಲದ ಜೇಬುಗಳಲ್ಲಿ ಸಿಕ್ಕಿದ ಒಣಗಿದ ಎಲೆ, ಮರಳು, ಬೆಣಚುಕಲ್ಲಿನ ಚೂರುಗಳನ್ನು ಗಾಜಿನ ಶೀಶೆಗಳಲ್ಲಿ ತುಂಬಿ ಕಿಟಕಿಯಲ್ಲಿಟ್ಟಿದ್ದಳು. ತಾನೂ ಒಮ್ಮೆ ಹೋಗಬೇಕು ಎನ್ನುತ್ತಿದ್ದಳು. ಇವನ ಓದು ಮುಗಿಯಲಿ. ಇವನಿಗೊಂದು ಕೆಲಸ ಸಿಗಲಿ. ಈ ಮಳೆಗಾಲ ಕಳೆಯಲಿ.

ಒಂದು ಸಂಜೆ ಮನೆಗೆ ಬರುವಾಗ ಅವಳು ಎರಡನೇ ಮಹಡಿಯಲ್ಲಿ ನಿಂತುಬಿಟ್ಟಳು. "ಈಗ ಗೊತ್ತಾಯ್ತಾ ನನ್ನ ಕಷ್ಟ?" ಎಂದು ಅವನು ನಕ್ಕ. ಅವಳೂ ನಕ್ಕಳು, ನಗು ಕೆಮ್ಮಾಯಿತು, ಕೆಮ್ಮು ಎರಡು ತಿಂಗಳು ನಿಲ್ಲಲಿಲ್ಲ. ಆ ತಮಾಷೆ ನೆನಪಾದಾಗಲೆಲ್ಲ ತನ್ನ ನಾಲಿಗೆಯನ್ನು ಅಕ್ಕನ ಕತ್ತರಿಗೆ ಕೊಡಬೇಕು ಅನ್ನಿಸುತ್ತಿತ್ತು ಅವನಿಗೆ. ಶ್ವಾಸಕೋಶದಲ್ಲಿ ಹುಟ್ಟಿದ ಗಂಟು ಪತ್ತೆಯಾಗುವ ಹೊತ್ತಿಗೆ ಬೆನ್ನುಮೂಳೆಗೂ ಇಳಿದಿತ್ತು. ಔಷಧಿಯಿಂದ ನೋವು ಕಡಿಮೆ ಮಾಡಬಹುದು, ಮೂರು ತಿಂಗಳು ಸಿಗಬಹುದು ಎಂದರು ಡಾಕ್ಟರು.

ಅಕ್ಕ ಎರಡು ದಿನ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಮೂರನೆಯ ದಿನ ಈ ಕಡೆ ತಿರುಗಿದಳು.

"ನಾನಂತೂ ಇನ್ನು ಹೋಗೋದಿಲ್ಲ. ನೀನು ಹೋಗಿ ಬಾ."

"ಎಲ್ಲಿಗೆ?"

"ಕೆರೆಗೆ. ಹದಿನಾಲ್ಕು ದಿನದ ದಾರಿ. ನೀನು ನಡಿ, ನಾನು ಇಲ್ಲಿಂದ ನೋಡ್ತೀನಿ. ನಿನ್ನ ಆ ಡಬ್ಬಗಳಿವೆಯಲ್ಲ, ಇರೋ ಜಾಗನ ಕಳಿಸ್ತಾ ಇರೋವು, ಅದರಲ್ಲೊಂದು ತಗೊಂಡು ಹೋಗು."

"ನಾನಾ? ಅಕ್ಕಾ, ನನಗೆ ಈ ಮೆಟ್ಟಿಲೇ..."

"ಗೊತ್ತು ಕಣೋ. ಬೇರೆಯವರಿಗೆ ಹನ್ನೊಂದು ದಿನ ಸಾಕು. ನಿನಗೇಂತಲೇ ಹದಿನಾಲ್ಕು ಹೇಳಿದ್ದು."

"ನಿನ್ನನ್ನ ಹೀಗೆ ಬಿಟ್ಟು ಹೇಗೆ ಹೋಗಲಿ?"

"ಇಲ್ಲಿದ್ದು ಏನು ಮಾಡ್ತೀಯ? ದಿನವೆಲ್ಲ ನನ್ನ ಮುಖ ನೋಡ್ಕೊಂಡು ಕೂತಿರ್ತೀಯ. ನನಗೂ ನೋಡೋಕೆ ಏನಾದ್ರೂ ಬೇಡ್ವಾ?"

ಪಕ್ಕದ ಮನೆಯ ನರ್ಸಮ್ಮ ತಾನು ನೋಡಿಕೊಳ್ಳುತ್ತೇನೆ ಎಂದರು. ಅಂಗಡಿಯ ಯಜಮಾನರು ಯಾವ ಯಂತ್ರ ಬೇಕೋ ತಗೊಂಡು ಹೋಗು ಎಂದರು.

ಮರುದಿನ ಅವನು ಮೂರು ಯಂತ್ರಗಳನ್ನು ತಂದು ಅಕ್ಕನ ಹಾಸಿಗೆಯ ಮೇಲಿಟ್ಟ. ಅಭ್ಯಾಸಬಲ, ಕೈ ಮೊದಲು ದೊಡ್ಡ ಪರದೆಯದಕ್ಕೇ ಹೋಯಿತು.

"ಇದು ನೋಡು, ಮುಟ್ಟಿದ್ರೆ ಸಾಕು, ಫೋನಿನ ಥರ. ಬಣ್ಣಬಣ್ಣದ ನಕ್ಷೆ. ನಾವು ಮೇಲೆ ಹೋದಾಗ ಏನಾಗುತ್ತೆ ಅಂದ್ರೆ..."

"ಅಂಗಡಿ ಮಾತು ಅಂಗಡೀಲಿಟ್ಟು ಬಾ," ಎಂದಳು ಅಕ್ಕ. "ಆ ಉಣ್ಣೆ ಕೈಗವಸು ಒದ್ದೆ ಮಾಡಿ ಕೊಡು."

ಒದ್ದೆ ಕೈಗವಸು ತೊಟ್ಟು ಪರದೆ ಒತ್ತಿದಳು. ಅದು ಅಲುಗಲಿಲ್ಲ. ಇನ್ನೊಮ್ಮೆ ಒತ್ತಿದಾಗ ಇವರನ್ನು ಯಾವುದೋ ಸಮುದ್ರದ ನಡುವೆ ನಿಲ್ಲಿಸಿತು. "ಐದು ವರ್ಷದಿಂದ ಇದನ್ನಾ ಮಾರ್ತಿರೋದು?" ಎಂದು ಕೇಳಿ ಪಕ್ಕಕ್ಕಿಟ್ಟಳು. ಎರಡನೆಯದು ಗಾತ್ರದಲ್ಲಿ ಪುಟ್ಟದು, ಹಗುರ, ಗುಂಡಿಗಳಿದ್ದವು. ಅದು ದಾರಿಯನ್ನು ತನ್ನೊಳಗೇ ಬರೆದಿಟ್ಟುಕೊಳ್ಳುತ್ತಿತ್ತು, ಹೊರಗೆ ಕಳಿಸುತ್ತಿರಲಿಲ್ಲ. "ಹೊಟ್ಟೇಲಿಟ್ಟುಕೊಳ್ಳೋದಕ್ಕೆ ನೀನೇ ಇದ್ದೀಯಲ್ಲ, ಇದು ಬೇರೆ ಯಾಕೆ?"

ಮೂರನೆಯದು ನೋಡಲು ಇಟ್ಟಿಗೆ. ಅಂಗಡಿಯಲ್ಲಿ ಅದನ್ನು ಯಾರೂ ಕೇಳುತ್ತಿರಲಿಲ್ಲ, ಇವನೂ ತೋರಿಸುತ್ತಿರಲಿಲ್ಲ. ಅಕ್ಕ ಅದನ್ನು ಹೊಲಿಯಲು ಬಂದ ಚೀಲದಂತೆ ತಿರುವಿ ನೋಡಿದಳು. ರಬ್ಬರಿನ ಅಂಚಿಗೆ ಉಗುರು ಹಾಕಿ ಎಳೆದಳು. ಸೆಲ್ಲಿನ ಮುಚ್ಚಳದ ಸುತ್ತ ಬೆರಳಾಡಿಸಿದಳು. "ನೀರು ನುಗ್ಗೋದು ಯಾವತ್ತೂ ಜೋಡಣೆ ಇರೋ ಕಡೆಯಿಂದಲೇ," ಎಂದು ಅದನ್ನು ಪಕ್ಕದ ಬಕೆಟ್ಟಿನಲ್ಲಿ ಮುಳುಗಿಸಿ, ನೂರರವರೆಗೆ ಎಣಿಸಿ ತೆಗೆದಳು. ನಡುವೆ ಎರಡು ಸಲ ಉಸಿರು ಸಾಲದೆ ಎಣಿಕೆ ನಿಂತಿತು. ಯಂತ್ರ ಮಿಟುಕುತ್ತಲೇ ಇತ್ತು. ಸಾದಾ ಸೆಲ್ಲು, ಎಲ್ಲಿ ಬೇಕಾದರೂ ಸಿಗುವಂಥದು. ಕೈಗವಸಿನಲ್ಲೂ ಒತ್ತಬಹುದಾದ ಗುಂಡಿಗಳು. ಫೋನಿಗೆ ಸಿಗ್ನಲ್ ಇಲ್ಲದ ಬೆಟ್ಟದಿಂದಲೂ ಚಿಕ್ಕ ಸಂದೇಶ ಕಳಿಸಬಹುದು, ಪಡೆಯಬಹುದು. ಮತ್ತು ಹತ್ತು ನಿಮಿಷಕ್ಕೊಂದು ಸಲ, ತಾನಾಗಿಯೇ, ಎಲ್ಲಿದ್ದೇನೆಂಬುದನ್ನು ಅಕ್ಕನ ಫೋನಿನ ನಕ್ಷೆಯಲ್ಲಿ ಒಂದು ಚುಕ್ಕೆಯಾಗಿ ಮೂಡಿಸುತ್ತದೆ.

"ಹತ್ತು ನಿಮಿಷಕ್ಕೊಂದು ಹೊಲಿಗೆ," ಎಂದಳು ಅಕ್ಕ. "ಇದೇ ಇರಲಿ."

ಹಾಗೆ ಉಪಗ್ರಹ ನೆಲಕ್ಕಿಳಿದ.

ಮೊದಲ ಮೂರು ದಿನ ಅವನು ಸತ್ತೇಹೋದೆ ಎಂದುಕೊಂಡ. ನಾಲ್ಕನೆಯ ದಿನ, ಸತ್ತಿದ್ದರೇ ವಾಸಿ ಅನ್ನಿಸಿತು. ಎಂಬತ್ತರ ಹತ್ತಿರದ ಒಬ್ಬ ಮುದುಕರು ಕೋಲೂರಿಕೊಂಡು ಅವನನ್ನು ದಾಟಿ ಹೋಗುತ್ತಾ, "ಮೊದಲ ಸಲವೇ?" ಎಂದು ಕನಿಕರದಿಂದ ಕೇಳಿದರು. ಸಂಜೆಯಾದರೆ ಅಕ್ಕನ ಸಂದೇಶ ಬರುತ್ತಿತ್ತು. "ಇವತ್ತು ಒಂದೇ ಕಡೆ ಎಂಟು ಚುಕ್ಕೆ. ನಿದ್ದೆ ಹೊಡೆದೆಯಾ?" "ಬಂಡೆ ಬಂತಾ? ಚೀಲದ ತಳ ನೋಡಿಕೋ." "ಪೊದೆ ಹತ್ತಿರ ಬಲಕ್ಕೆ ಹೋಗು. ಎಡಕ್ಕೆ ಹೋದವರ ಚೀಲ ನಾನು ಹೊಲಿದಿದ್ದೇನೆ." ಅವನು ಬಲಕ್ಕೆ ಹೋದ. ಅವಳು ಹೇಳಿದ ಕಡೆಯೇ ಬಂಡೆ, ಹೇಳಿದ ಕಡೆಯೇ ಪೊದೆ. ಕಾಣದ ದಾರಿಯನ್ನು ಅವಳು ಮನೆಯ ಅಡುಗೆಕೋಣೆಯಷ್ಟು ಬಲ್ಲಳು.

ಏಳನೇ ದಿನ ಕಣಿವೆಗಿಳಿಯುವಾಗ ಎಡಗಾಲಿನ ಬೊಬ್ಬೆ ಒಡೆಯಿತು. ಮುಂದೆ ಹನ್ನೆರಡು ಕಿಲೋಮೀಟರ್ ಡಾಂಬರು ರಸ್ತೆ. ನೋಡಲು ಮರವಿಲ್ಲ, ಬಂಡೆಯಿಲ್ಲ, ಬಿಸಿಲೊಂದೇ. ಹಾಲಿನ ಲಾರಿಯೊಂದು ಪಕ್ಕದಲ್ಲಿ ನಿಧಾನವಾಯಿತು. "ಹತ್ತಪ್ಪಾ, ಆ ತುದಿಗೆ ಬಿಡ್ತೀನಿ," ಎಂದ ಚಾಲಕ. ಬರೀ ರಸ್ತೆ ತಾನೆ, ಬೆಟ್ಟವೇನಲ್ಲವಲ್ಲ, ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡು ಹತ್ತಿ ಕೂತ.

ಯಾರಿಗೆ ಗೊತ್ತಾಗುತ್ತದೆ! ಇಂಥ ಯಂತ್ರಗಳು ಜಾಗವನ್ನೂ ಹೊತ್ತನ್ನೂ ಕೂಡಿಸಿಯೇ ಬರೆದಿಡುತ್ತವೆ ಎಂದು ಐದು ವರ್ಷ ಸಾವಿರಾರು ಜನರಿಗೆ ಹೇಳಿದ ಮಹಾಶಯ, ಅಂಥದೊಂದನ್ನು ಭುಜದ ಪಟ್ಟಿಗೆ ಸಿಕ್ಕಿಸಿಕೊಂಡೇ ಲಾರಿ ಹತ್ತಿದ್ದ.

ಸಂಜೆ ಸಂದೇಶ ಬಂತು. "ಹನ್ನೆರಡು ಕಿಲೋಮೀಟರಿಗೆ ಎರಡೇ ಚುಕ್ಕೆ. ರೆಕ್ಕೆ ಬಂತೇನೋ?"

ಹೌದಕ್ಕಾ, ಕಾಲು ನೋವು, ಲಾರಿ ಹತ್ತಿದೆ ಎಂದು ಬರೆದಿದ್ದರೆ ಮುಗಿದುಹೋಗುತ್ತಿತ್ತು. ಅವಳು ನಕ್ಕು ಬೈದು ಸುಮ್ಮನಾಗುತ್ತಿದ್ದಳು. ಆದರೆ ಕೌಂಟರಿನ ನಾಲಿಗೆ ಬೆರಳಿಗಿಳಿದಿತ್ತು. "ಯಂತ್ರದ ತಪ್ಪು. ಬೆಟ್ಟಗಳ ನಡುವೆ ಸಿಗ್ನಲ್ ತಪ್ಪಿಹೋಗುತ್ತದೆ. ನಡೆದೇ ಬಂದೆ" ಎಂದು ಒತ್ತಿ ಕಳಿಸಿದ.

ಬಹಳ ಹೊತ್ತಿನ ಮೇಲೆ ಉತ್ತರ ಬಂತು. "ಸರಿ."

ಅಕ್ಕ ಅಷ್ಟು ಚಿಕ್ಕದಾಗಿ ಯಾವತ್ತೂ ಮಾತು ಮುಗಿಸಿದವಳಲ್ಲ. ಮುಂದಿನ ದಿನಗಳಲ್ಲಿ ಚುಕ್ಕೆಗಳ ವಿಷಯ ಅವಳು ಎತ್ತಲಿಲ್ಲ. "ಚಳಿಯಾ?" "ಹೊಟ್ಟೆಗೆ ಏನು ತಿಂದೆ?" ಅಷ್ಟೇ. ಮನೆಗೆ ಹೋಗಿ ಎದುರಿಗೇ ಕೂತು ಒಪ್ಪಿಕೊಳ್ಳುತ್ತೇನೆ ಎಂದು ಅವನು ಹೆಜ್ಜೆಗೊಂದು ಸಲ ಹೇಳಿಕೊಂಡ. ಹೇಗೆ ಹೇಳಬೇಕು, ಎಲ್ಲಿ ಅವಳನ್ನು ನಗಿಸಬೇಕು ಎಂಬುದನ್ನೂ ಹೊಂದಿಸಿಟ್ಟುಕೊಂಡ.

ಹನ್ನೊಂದನೆಯ ದಿನ ಮಧ್ಯಾಹ್ನ ಬಂದ ಸಂದೇಶ ಯಜಮಾನರದು. "ಕೂಡಲೇ ಬಾ."

ಇಳಿದು ಊರು ಸೇರಲು ಒಂದೂವರೆ ದಿನ ಬೇಕಾಯಿತು. ಮೂರು ಮಹಡಿಯನ್ನು ಎಲ್ಲೂ ನಿಲ್ಲದೆ ಹತ್ತಿದ. ಮೊದಲ ಸಲ, ಏದುಸಿರೇ ಬರಲಿಲ್ಲ. ಅದನ್ನು ನೋಡಬೇಕಾದವಳು ಹಿಂದಿನ ಸಂಜೆಯೇ ಹೋಗಿದ್ದಳು.

ಎಲ್ಲ ಮುಗಿದ ಮೇಲೆ ನರ್ಸಮ್ಮ ಮಡಚಿದ ಬಟ್ಟೆಯೊಂದನ್ನು ತಂದುಕೊಟ್ಟರು. ಹಳೆಯ ಡೇರೆಯ ತುಂಡು. ಅದರ ಮೇಲೆ ದರ್ಜಿಯ ಸೀಮೆಸುಣ್ಣದಿಂದ ಗೀಚಿದ ಬೆಟ್ಟಸಾಲು, ಬೆಟ್ಟಸಾಲಿನ ಗುಂಟ ಕಿತ್ತಳೆ ದಾರದ ಸಣ್ಣ ಸಣ್ಣ ಹೊಲಿಗೆ. ಒಂದೊಂದು ಚುಕ್ಕೆಗೆ ಒಂದೊಂದು. ಅವನು ನಿದ್ದೆ ಹೊಡೆದ ಕಡೆ ಎಂಟು ಹೊಲಿಗೆ ಒಂದರ ಮೇಲೊಂದು ಬಿದ್ದು ಗಂಟಾಗಿದ್ದವು.

"ಎದ್ದ ಕೂಡಲೇ ಫೋನು ನೋಡೋದು, ಸೂಜಿ ಹಿಡಿಯೋದು," ಎಂದರು ನರ್ಸಮ್ಮ. "ನೋವಿನ ಮಾತ್ರೆ ತಗೊಂಡ್ರೆ ಕಣ್ಣು ಮಂಜಾಗುತ್ತೆ ಅಂತ, ಅವತ್ತಿಂದು ಮುಗಿಯೋ ತನಕ ಮಾತ್ರೆ ಮುಟ್ತಿರಲಿಲ್ಲ ಕಣಪ್ಪ."

ಅವನ ಬೆರಳು ದಾರದ ಮೇಲೆ ನಡೆದು ಏಳನೇ ದಿನಕ್ಕೆ ಬಂತು. ಅಲ್ಲಿ ಏನೂ ಇರಲಿಲ್ಲ. ಒಂದು ಗೇಣು ಬರೀ ಬಟ್ಟೆ. ಆಚೆಯ ಬೆಟ್ಟದ ಬುಡದಿಂದ ಹೊಲಿಗೆ ಮತ್ತೆ ಶುರುವಾಗಿ, ಹತ್ತನೆಯ ದಿನದ ಮೇಲೆ ನಿಂತಿತ್ತು. ಸೂಜಿ ಅಲ್ಲೇ ಚುಚ್ಚಿಕೊಂಡಿತ್ತು.

"ನಾನೂ ಕೇಳಿದೆ, ನಡುವೆ ಯಾಕೆ ಬಿಟ್ಟಿದ್ದೀರಿ ಅಂತ. ಅಲ್ಲಿ ಅವನಿನ್ನೂ ನಡೆದಿಲ್ಲ ಅಂದ್ರು."

"ಸಿಟ್ಟಲ್ಲಿ ಅಂದಳಾ?"

ನರ್ಸಮ್ಮ ನೆನಪು ಮಾಡಿಕೊಂಡರು. "ಇಲ್ಲಪ್ಪ. ನಲ್ಲೀಲಿ ಇನ್ನೂ ನೀರು ಬಂದಿಲ್ಲ ಅಂತೀವಲ್ಲ, ಹಾಗೆ ಅಂದ್ರು."

ಮೂರು ವಾರ ಅವನು ಕೌಂಟರಿಗೆ ಹೋದ, ಬಂದ. ಗಿರಾಕಿಗಳ ಸುತ್ತ ಸುತ್ತಲಿಲ್ಲ. "ಒದ್ದೆ ಕೈಗವಸಲ್ಲಿ ಇದು ಕೆಲಸ ಮಾಡಲ್ಲ ಸಾರ್," ಎಂದು ದೊಡ್ಡ ಪರದೆಯದನ್ನು ತಾನೇ ಒಳಗಿಟ್ಟು ಇಟ್ಟಿಗೆಯನ್ನು ತೋರಿಸಿದ. ಹಿಂದಿನ ಕೋಣೆಯಲ್ಲಿ ಅಕ್ಕನ ಮಿಷನ್ನಿಗೆ ಬಟ್ಟೆ ಹೊದಿಸಿತ್ತು. ನಾಲ್ಕನೆಯ ವಾರ ಅವನು ಎರಡು ದಿನ ರಜೆ ಕೇಳಿದ.

ಕೆರೆಯ ಮಾತು ಬೇರೆ. ಕೆರೆಗೆ ಹೋದೆನೆಂದು ಅವನು ಅಕ್ಕನಿಗೆ ಹೇಳಿರಲಿಲ್ಲ. ಆ ರಸ್ತೆಯನ್ನು ಮಾತ್ರ ನಡೆದೆ ಎಂದು ಹೇಳಿದ್ದ.

ಬೆಳಿಗ್ಗೆ ಎಂಟಕ್ಕೆ ಕಣಿವೆಯ ಈ ತುದಿಯಲ್ಲಿ ಬಸ್ಸಿಳಿದು, ಯಂತ್ರವನ್ನು ಭುಜಕ್ಕೆ ಸಿಕ್ಕಿಸಿ ಗುಂಡಿ ಒತ್ತಿದ. ಅಕ್ಕನ ಫೋನನ್ನು ಮನೆಯಲ್ಲಿ ಬಿಡಲು ಮನಸ್ಸಾಗಿರಲಿಲ್ಲ. ಅದು ಚೀಲದಲ್ಲೇ ಇತ್ತು, ರಸ್ತೆಯಲ್ಲಿ ಅದಕ್ಕೆ ಸಿಗ್ನಲ್ಲೂ ಸಿಗುತ್ತಿತ್ತು. ಹತ್ತು ನಿಮಿಷ ನಡೆದಾಗ ಅವನ ಬೆನ್ನಿನಿಂದಲೇ ಟಿಣ್ ಎಂದಿತು. ಮೇಲೆಲ್ಲೋ ಇರುವ ಉಪಗ್ರಹದವರೆಗೆ ಹೋಗಿ, ಅಲ್ಲಿಂದ ಇಳಿದು, ಚುಕ್ಕೆ ಅವನ ಬೆನ್ನಿಗೇ ಬಂದು ಮುಟ್ಟುತ್ತಿತ್ತು. ಇಷ್ಟು ದೂರದ ಸುತ್ತು ಇಷ್ಟು ಹತ್ತಿರಕ್ಕೆ. ಅಕ್ಕ ಇದ್ದಿದ್ದರೆ ಇದಕ್ಕೆ ಒಂದು ಒಳ್ಳೆಯ ಬೈಗುಳ ಹುಡುಕುತ್ತಿದ್ದಳು.

ಆರನೆಯ ಚುಕ್ಕೆಯ ಹತ್ತಿರ ಹಾಲಿನ ಲಾರಿ ನಿಂತಿತು. "ಏನಪ್ಪಾ, ಮತ್ತೆ ನೀನೇನಾ? ಹತ್ತು, ಬಿಡ್ತೀನಿ."

"ಬೇಡಣ್ಣ. ನಡೀಬೇಕು."

"ಇಲ್ಲಿ ನೋಡೋಕೆ ಏನಿದೆ ಅಂತ ನಡೀತೀಯ?"

ಅದೂ ನಿಜವೇ. ಏನೂ ಇರಲಿಲ್ಲ. ಬಿಸಿಲು, ಡಾಂಬರು, ಮೈಲಿಗಲ್ಲು. ಲಾರಿ ಹೋಯಿತು, ಅವನು ನಡೆದ.

ಇಪ್ಪತ್ತನೆಯ ಟಿಣ್ ಆಗುವ ಹೊತ್ತಿಗೆ ಆಚೆಯ ಬೆಟ್ಟದ ಬುಡ ಬಂತು. ಮೈಲಿಗಲ್ಲಿನ ಮೇಲೆ ಕೂತು ಬಟ್ಟೆ ತೊಡೆಯ ಮೇಲೆ ಹಾಸಿದ. ಸೂಜಿಗೆ ದಾರ ಪೋಣಿಸಲು ಐದು ಸಲ ಒದ್ದಾಡಿದ; ಹತ್ತೊಂಬತ್ತು ವರ್ಷ ಹೊಲಿಗೆಯ ಮನೆಯಲ್ಲಿ ಬೆಳೆದರೂ ಅಂಗಿಗೆ ಒಂದು ಗುಂಡಿಯನ್ನೂ ಹೊಲಿದುಕೊಂಡವನಲ್ಲ. ಇಪ್ಪತ್ತು ಹೊಲಿಗೆ ಹಾಕಿದ. ಒಂದು ಉದ್ದ, ಒಂದು ಮೋಟು, ಒಂದು ಸೊಟ್ಟ. ಕೊನೆಯದು ಅಕ್ಕನ ಹೊಲಿಗೆಯ ಪಕ್ಕಕ್ಕೆ ಬಂದು ಕೂತಾಗ ಎರಡರ ವ್ಯತ್ಯಾಸ ಕುರುಡನಿಗೂ ಕಾಣುವಂತಿತ್ತು. ಅಕ್ಕನಾಗಿದ್ದರೆ ಒಂದೇ ಮಾತು: ಬಿಚ್ಚು, ಇನ್ನೊಂದು ಸಲ ಹಾಕು.

ಅವನು ಕಾದು ಕೂತ. ಯಾರೂ ಬಿಚ್ಚು ಅನ್ನಲಿಲ್ಲ.

ಅಷ್ಟರಲ್ಲಿ ಇನ್ನೊಂದು ಹತ್ತು ನಿಮಿಷ ಆಗಿತ್ತೇನೋ, ಚೀಲದೊಳಗೆ ಟಿಣ್ ಎಂದಿತು. ತಮ್ಮ ಅಲ್ಲೇ ಇದ್ದಾನೆ, ಮುಂದೆ ಹೋಗಿಲ್ಲ ಎಂದು ಯಂತ್ರ ಅಕ್ಕನ ಫೋನಿಗೆ ತಿಳಿಸಿತು.