ಪೊಟ್ಟಣ ಸರಿಯೋ, ತಕ್ಕಡಿ ಸರಿಯೋ

ಕೊಲ್ಲಂ ಕೋರ್ಟಿನ ಎದುರು ಓಣಿಯಲ್ಲಿ ವಕೀಲ ಪ್ರಸೇನನ್‌ನ ಆಫೀಸು. ಅಲ್ಲಿಯ ಫ್ಯಾನು ತಿರುಗುವುದಿಲ್ಲ, ಮಿಕ್ಸಿ ಅರೆಯುವುದಿಲ್ಲ, ಗಡಿಯಾರದಲ್ಲಿ ಸದಾ ನಾಲ್ಕೂಕಾಲು. ಎಲ್ಲವೂ ಅವನು ಗ್ರಾಹಕರ ಕೇಸುಗಳಲ್ಲಿ ಗೆದ್ದುಕೊಟ್ಟ ಮೋಸದ ಮಾಲು. ಕಕ್ಷಿದಾರರು ಹೊಸದನ್ನು ಮನೆಗೊಯ್ದು ಹಳೆಯದನ್ನು ಇವನ ಕೊರಳಿಗೆ ಕಟ್ಟಿದ್ದರು. ಸೋತದ್ದು ಮೊದಲ ಕೇಸೊಂದೇ. ಅದು ಅವನದೇ ಸೋರುವ ಕೊಡೆಯದು; ತೀರ್ಪಿನ ದಿನ ತೊಯ್ದುಕೊಂಡೇ ಮನೆ ಸೇರಿದ್ದ. ಮಿಕ್ಸಿ ತಂದ ಹೆಂಗಸರೇ ಆಮೇಲೆ ಕೂಲಿ ಚೀಟಿಗಳನ್ನೂ ತಂದರು. ಹತ್ತು ವರ್ಷದಲ್ಲಿ ಹೆಸರು ಬಂತು, ಕಾರು ಬರಲಿಲ್ಲ.

ಊರಿಗೆಲ್ಲ ಅಕ್ಕನಾದ ಅಮ್ಮಿಣಿ ಚೇಚಿ ಬಂದದ್ದು ಕೂಲಿ ಚೀಟಿ ಹಿಡಿದೇ. ಗೋಡಂಬಿ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಸಿಪ್ಪೆ ಸುಲಿದವಳು. ಸುಲಿದಷ್ಟು ತೂಕಕ್ಕೆ ಅಷ್ಟು ಕೂಲಿ. ತಕ್ಕಡಿ ಕಡಿಮೆ ತೋರಿಸುತ್ತದೆಂದು ಅವಳ ದೂರು. ನಿವೃತ್ತಿಗೆ ಐದೇ ತಿಂಗಳು. ತೂಕ ಸರಿಹೋಗದಿದ್ದರೆ ಗ್ರಾಚ್ಯುಟಿಯೂ ಬಡಕಲು.

ಪ್ರಸೇನನ್ ತೂಕ-ಅಳತೆಯ ಇನ್ಸ್‌ಪೆಕ್ಟರನ್ನು ಕರೆಸಿದ. ಮೊದಲೇ ನೋಟಿಸು ಹೋಗಿತ್ತಲ್ಲ, ಆ ದಿನ ತಕ್ಕಡಿ ಹರಿಶ್ಚಂದ್ರನ ಮೊಮ್ಮಗನಂತೆ ನಿಂತಿತ್ತು.

"ನೋಟಿಸು ಕಳ್ಸಿ ಕಳ್ಳನ್ನ ಹಿಡಿಯೋಕೆ ಹೋದ್ರಾ ಮೋನೇ?" ಎಂದಳು ಅಮ್ಮಿಣಿ, ಮಗನನ್ನು ಗದರುವಂತೆ.

"ಕಾನೂನು ಹಾಗೇ ಇದೆ ಚೇಚಿ."

"ಹಾಗಾದ್ರೆ ಕಾನೂನು ಸ್ವಲ್ಪ ಸುಮ್ನಿರಲಿ."

ಓಣಂ ಬಂತು. ರೂಢಿಯಂತೆ ಮುದಲಾಳಿ, ಅಂದರೆ ಕಾರ್ಖಾನೆಯ ಯಜಮಾನ, ತನ್ನ ಅಂಗಡಿಯಲ್ಲಿ ಮಾರುವ ಅರ್ಧ ಕೆಜಿ ಗೋಡಂಬಿ ಪೊಟ್ಟಣಗಳನ್ನು ಹೆಂಗಸರಿಗೆಲ್ಲ ಹಂಚಿ ಫೋಟೋ ತೆಗೆಸಿಕೊಂಡ. ಆ ಸಂಜೆ ಅಮ್ಮಿಣಿ ಹತ್ತು ಪೊಟ್ಟಣ ಒಟ್ಟುಮಾಡಿ ತನ್ನ ಡಬ್ಬಿಗೆ ತುಂಬಿ, ಮೇಲೆ ಬಟ್ಟೆ ಮುಚ್ಚಿ, ತೂಕದ ಸಾಲಿನಲ್ಲಿ ನಿಂತಳು. ಮೇನೇಜರ್ ರಾಜಪ್ಪನ್ ತಲೆ ಎತ್ತುವವನಲ್ಲ. ಡಬ್ಬಿಯ ತೂಕ ಕಳೆದು, "ನಾಲ್ಕೂವರೆ!" ಎಂದು ಕೂಗಿ, ಅವಳ ಕಾರ್ಡಿನಲ್ಲಿ ಬರೆದು ಸಹಿ ಜಡಿದ. ಅಮ್ಮಿಣಿ ಬಟ್ಟೆ ಸರಿಸಿದಳು. ಒಡೆಯದ ಹತ್ತು ಪೊಟ್ಟಣ, ಐದು ಕೆಜಿ! ಹೆಂಗಸರ ನಗುವಿಗೆ ತಗಡಿನ ಮಾಡು ನಡುಗಿತು.

"ಏನು ಚೇಚಿ ಇದು?" ಎಂದ ರಾಜಪ್ಪನ್.

"ನಮ್ಮ ಓಣಂ ಉಡುಗೊರೆ, ಸಾರ್. ನಿಮ್ಗೆ."

ಕಾರ್ಡು ನೋಡಿದ ಪ್ರಸೇನನ್, ಇಷ್ಟು ವರ್ಷ ಕಾನೂನು ಪುಸ್ತಕಗಳ ಧೂಳು ಕುಡಿದ ತನ್ನನ್ನು ಮನಸಾರೆ ಬೈದುಕೊಂಡ. ಕಾರ್ಮಿಕ ನ್ಯಾಯಾಲಯದಲ್ಲಿ ಅವನಿಗೆ ಉಳಿದದ್ದು ಒಂದೇ ಪ್ರಶ್ನೆ.

"ಮುದಲಾಳಿಯವರೇ, ಪೊಟ್ಟಣ ಸರಿಯೋ, ತಕ್ಕಡಿ ಸರಿಯೋ? ಪೊಟ್ಟಣ ಸರಿ ಅಂದ್ರೆ ಕೂಲಿ ಬಾಕಿ ಕೊಡಿ. ತಕ್ಕಡಿ ಸರಿ ಅಂದ್ರೆ ನಿಮ್ಮ ಪೊಟ್ಟಣ ಕೊಂಡವರನ್ನೆಲ್ಲ ಕರ್ಕೊಂಡು ಗ್ರಾಹಕರ ಕೋರ್ಟಿಗೆ ಹೋಗ್ತೀನಿ. ಎರಡು ಬಸ್ಸು ಬದಲಿಸ್ಬೇಕು, ನಂಗೇನೂ ಬೇಜಾರಿಲ್ಲ."

ಮುದಲಾಳಿ ತನ್ನ ವಕೀಲನ ಮುಖ ನೋಡಿದ. ವಕೀಲ ಸೂರು ನೋಡುತ್ತಿದ್ದ.

"ತಕ್ಕಡೀನೇ... ಸ್ವಲ್ಪ ಹಳೇದು," ಎಂದ ಮುದಲಾಳಿ.

ಬಾಕಿ ಎಲ್ಲರಿಗೂ ಬಂತು. ಅಮ್ಮಿಣಿಯ ಗ್ರಾಚ್ಯುಟಿ ಮೈತುಂಬಿಕೊಂಡೇ ಬಂತು. ನಿವೃತ್ತಿಯ ದಿನ ಅವಳ ಅಂಗಳದಲ್ಲಿ ಪ್ರಸೇನನ್ ಪಾಯಸದ ಎರಡನೇ ಲೋಟ ಹಿಡಿದಿದ್ದ. ಕೋರ್ಟು ಹಿಂದಿರುಗಿಸಿದ ಪೊಟ್ಟಣಗಳ ಗೋಡಂಬಿಯೇ ಅದರಲ್ಲಿ ತುಪ್ಪಕ್ಕೆ ಬಿದ್ದು ಹೊಳೆಯುತ್ತಿತ್ತು.

"ಒಡೆಯೋ ಮುಂಚೆ ಮೀನು ಮಾರೋ ನಾಸರ್‌ನ ಹತ್ರ ತೂಗಿಸ್ದೆ ಮೋನೇ," ಎಂದಳು ಅಮ್ಮಿಣಿ. "ಪೊಟ್ಟಣಕ್ಕೆ ಹತ್ತು ಗ್ರಾಂ ಕಡಿಮೇನೇ."

ಪ್ರಸೇನನ್ ಕುರ್ಚಿಯಿಂದ ಎದ್ದೇಬಿಟ್ಟ. "ಈಗ ಹೇಳ್ತೀರಾ ಚೇಚಿ! ಸಾಕ್ಷಿ ಎಲ್ಲಿ?"

"ನೀವು ಕುಡೀತಾ ಇದ್ದೀರಲ್ಲ."

ಅವನು ಲೋಟ ನೋಡಿದ, ಮತ್ತೆ ಕುಳಿತ, ಸಾಕ್ಷಿಯನ್ನು ತಳದವರೆಗೂ ಪರಿಶೀಲಿಸಿ ಮೂರನೇ ಬಾರಿಗೆ ಲೋಟ ಚಾಚಿದ.